ಮಕ್ಕಳಿಗೆ ಚೆಲ್ಲಾಟ, ಮರಿಗೆ ಪ್ರಾಣಸಂಕಟ ಆಗದಿರಲಿ

ಪ್ರತಿವರ್ಷ ಸೆಪ್ಟೆಂಬರ್ 28ರಂದು ವಿಶ್ವ ರೇಬೀಸ್ ದಿನವನ್ನು ಆಚರಿಸಲಾಗುತ್ತದೆ. ಹುಚ್ಚುನಾಯಿ ರೋಗಕ್ಕೆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರರು 1895ರಲ್ಲಿ ತೀರಿಕೊಂಡ ದಿನವದು. ಅದಾದ ಆರು ದಿನಗಳಿಗೆ, ಅಕ್ಟೋಬರ್ 4ರಂದು, ಧರ್ಮಸಭೆಯು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವನ್ನು ಕೊಂಡಾಡುತ್ತದೆ. ಅನೇಕ ಧರ್ಮಕೇಂದ್ರಗಳಲ್ಲಿ ಆ ಹಬ್ಬದ ಆಸುಪಾಸಿನಲ್ಲಿ ಸಾಕುಪ್ರಾಣಿಗಳನ್ನು ಆಶೀರ್ವದಿಸುವ ರೂಢಿಯೂ ಇದೆ. ಮೊದಲನೆಯ ದಿನ ಪ್ರಾಣಿಗಳ ವಿಷಯದಲ್ಲಿ ಎಚ್ಚರಿಕೆಯನ್ನು ಕಲಿಸಿದರೆ, ಎರಡನೆಯದು ಕರುಣೆಯನ್ನು ಕಲಿಸುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಬೆಕ್ಕಿನ ಮರಿಯೊಂದನ್ನು ತರಬೇಕೆಂದು ಯೋಚಿಸುತ್ತಿರುವ ತಂದೆತಾಯಂದಿರಿಗೆ ಈ ಎರಡೂ ಪಾಠಗಳು ಒಟ್ಟಿಗೇ ಬೇಕು. ಕರುಣೆಯಿಲ್ಲದ ಎಚ್ಚರ ಕ್ರೌರ್ಯವಾಗುತ್ತದೆ. ಎಚ್ಚರವಿಲ್ಲದ ಕರುಣೆ ಅನಾಹುತಕ್ಕೆ ದಾರಿಯಾಗುತ್ತದೆ.

ದೊಡ್ಡನೆಕ್ಕುಂದಿ ಕೆರೆಯೂ ಹೊಲಗಳೂ ಇದ್ದ ಊರಾಗಿದ್ದಾಗ ಬೆಕ್ಕನ್ನು ಯಾರೂ ಮನೆಗೆ ‘ತರುತ್ತಿರಲಿಲ್ಲ’. ಕಣಜದಲ್ಲಿ ರಾಗಿ ಇದ್ದಲ್ಲಿ ಇಲಿ ಬರುತ್ತಿತ್ತು, ಇಲಿ ಇದ್ದಲ್ಲಿಗೆ ಬೆಕ್ಕು ತಾನಾಗಿಯೇ ಬರುತ್ತಿತ್ತು. ಅಟ್ಟದಲ್ಲಿ ಮರಿ ಹಾಕುತ್ತಿತ್ತು; ಮಕ್ಕಳ ಕಾಟ ಹೆಚ್ಚಾದರೆ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಮನೆಯ ಅಟ್ಟಕ್ಕೆ ಸಾಗಿಸುತ್ತಿತ್ತು. ಇಂದು ಅದೇ ದೊಡ್ಡನೆಕ್ಕುಂದಿ ಕಾರ್ಖಾನೆಗಳ, ಸಾಫ್ಟ್‌ವೇರ್ ಕಚೇರಿಗಳ ಹಾಗೂ ಬಹುಮಹಡಿ ಕಟ್ಟಡಗಳ ನಡುವೆ ನಿಂತಿದೆ. ನಾಲ್ಕನೆಯ ಮಹಡಿಯ ಬಾಡಿಗೆ ಮನೆಗೆ ತಂದ ಮರಿಗೆ ಓಡಿಹೋಗಲು ಬೇರೆ ಅಟ್ಟವಿಲ್ಲ. ಮುಚ್ಚಿದ ಬಾಗಿಲಿನ ಒಳಗಿನ ಎರಡು ಕೋಣೆಗಳೇ ಅದರ ಇಡೀ ಜಗತ್ತು. ಆ ಜಗತ್ತು ಹೇಗಿರಬೇಕೆಂಬುದು ನಮ್ಮ ಕೈಯಲ್ಲಿದೆ. ಆದುದರಿಂದಲೇ ನಮ್ಮ ಹೊಣೆ ನಮ್ಮ ಅಜ್ಜ ಅಜ್ಜಿಯರ ಹೊಣೆಗಿಂತ ದೊಡ್ಡದು.

ಮಕ್ಕಳು ಮರಿ ಬೇಕೆಂದು ಹಟ ಹಿಡಿಯುವುದು ಸಹಜ. ತಂದೆತಾಯಿ ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಒಂಟಿ ಮಗುವಿಗೆ ಜೊತೆ ಬೇಕೆಂಬುದೂ ನ್ಯಾಯವೇ. ಆದರೆ ಹುಟ್ಟುಹಬ್ಬದ ಕಾಣಿಕೆಯಾಗಿಯೋ ಪರೀಕ್ಷೆಯಲ್ಲಿ ಅಂಕ ಗಳಿಸಿದ್ದಕ್ಕೆ ಬಹುಮಾನವಾಗಿಯೋ ಜೀವವೊಂದನ್ನು ಮಗುವಿನ ಕೈಗೆ ಕೊಡಬಾರದು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಕಾಣಿಕೆಯಾಗಿ ಕೊಟ್ಟ ವಸ್ತು ಪಡೆದವನ ಸೊತ್ತು. ಅದನ್ನು ಒಡೆಯಬಹುದು, ಬೇಸರವಾದಾಗ ಮೂಲೆಗೆ ಎಸೆಯಬಹುದು. ನಾಲ್ಕು ವರ್ಷದ ಮಗುವಿಗೆ ಆಟಿಕೆಗೂ ಮರಿಗೂ ಇರುವ ಭೇದವನ್ನು ತಿಳಿಸಬೇಕಾದ ನಾವೇ ಆ ಭೇದವನ್ನು ಅಳಿಸಿಬಿಟ್ಟರೆ ಮುಂದೆ ತಿಳಿಸುವವರು ಯಾರು?

ಒಂದು ಸಣ್ಣ ಲೆಕ್ಕ ಹಾಕೋಣ. ಮನೆಯೊಳಗೆ ಚೆನ್ನಾಗಿ ಸಾಕಿದ ಬೆಕ್ಕು ಸುಮಾರು 15 ವರ್ಷ ಬದುಕಬಲ್ಲದು. ಎಲ್‌ಕೆಜಿಗೆ ಹೋಗುವ ಮಗುವಿಗಾಗಿ ಇಂದು ತಂದ ಮರಿ, ಆ ಮಗು ಪದವಿ ಕಾಲೇಜಿಗೆ ಹೋಗುವಾಗಲೂ ಮನೆಯಲ್ಲಿರಬಹುದು. ಆ ಹದಿನೈದು ವರ್ಷಗಳಲ್ಲಿ ಎಷ್ಟು ಬಾರಿ ಬಾಡಿಗೆ ಮನೆ ಬದಲಾದೀತು? ಎಷ್ಟು ಬಾರಿ ಕೆಲಸ ಬದಲಾದೀತು? ಪರದೇಶಕ್ಕೆ ಹೋಗುವ ಅವಕಾಶವೂ ಬರಬಹುದು. ಮನೆಗೆ ಇನ್ನೊಂದು ಕೂಸೂ ಬರಬಹುದು. ಈ ಪ್ರಶ್ನೆಗಳನ್ನು ಮರಿ ತರುವ ಮುನ್ನ ಕೇಳಿಕೊಳ್ಳದವರು, ತಂದ ಮೇಲೆ ಒಂದು ದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ಮೀನಿನ ಅಂಗಡಿಯ ಬಳಿಯೋ ಕೆರೆಯ ಏರಿಯ ಮೇಲೆಯೋ ಬಿಟ್ಟು ಬರುತ್ತಾರೆ. ‘ಅಲ್ಲಿ ಅದಕ್ಕೆ ತಿನ್ನಲು ಸಿಗುತ್ತದೆ’ ಎಂದು ಮಗುವಿಗೆ ಹೇಳುತ್ತಾರೆ. ಮನೆಯೊಳಗೆ ಬೆಳೆದ ಬೆಕ್ಕಿಗೆ ಬೀದಿಯ ಬದುಕು ತಿಳಿಯದು. ನಾಯಿಗಳಿಂದಲೋ ವಾಹನಗಳಿಂದಲೋ ಅದರ ಕಥೆ ಬೇಗನೆ ಮುಗಿಯುವುದೇ ಹೆಚ್ಚು.

ಸತ್ತ ಬೆಕ್ಕಿನ ದುಃಖ ಒಂದು ಕಡೆಯಾದರೆ, ಮಗು ಕಲಿತ ಪಾಠ ಇನ್ನೊಂದು ಕಡೆ. ನಿನ್ನೆಯವರೆಗೆ ‘ನಮ್ಮ ಮನೆಯವಳು’ ಎನಿಸಿಕೊಂಡ ಜೀವವನ್ನು ಅನುಕೂಲ ತಪ್ಪಿದೊಡನೆ ಹೊರಗೆ ಹಾಕಬಹುದು ಎಂಬುದನ್ನು ಅದು ಕಣ್ಣಾರೆ ಕಂಡಿತು. ಪ್ರೀತಿಯ ಬಗ್ಗೆ ನಾವು ಎಷ್ಟು ಬೋಧಿಸಿದರೂ ಆ ಒಂದು ದಿನದ ಪಾಠವನ್ನು ಅಳಿಸಲಾಗದು. ಮರಿಯನ್ನು ತಂದ ದಿನದ ಮುದ್ದಿಗಿಂತ, ಮರಿ ಹೊರೆಯೆನಿಸಿದ ದಿನ ದೊಡ್ಡವರು ಹೇಗೆ ನಡೆದುಕೊಂಡರು ಎಂಬುದೇ ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ. ಮುದಿತನದಲ್ಲಿ ನಾವು ಹೊರೆಯಾದಾಗ ಆ ಪಾಠ ನಮ್ಮ ಬಾಗಿಲಿಗೇ ಮರಳಿ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ತತ್ವಶಾಸ್ತ್ರದ ಇತಿಹಾಸದಲ್ಲಿ ಈ ವಿಚಾರ ಹೊಸದೇನಲ್ಲ. ಹದಿನೇಳನೆಯ ಶತಮಾನದ ಫ್ರೆಂಚ್ ದಾರ್ಶನಿಕ ದೆಕಾರ್ತ್ ಪ್ರಾಣಿಗಳನ್ನು ಯಂತ್ರಗಳಿಗೆ ಹೋಲಿಸಿದನು. ಅವನಿಗಿಂತ ನಾಲ್ಕು ಶತಮಾನ ಹಿಂದೆಯೇ ಸಂತ ಥಾಮಸ್ ಅಕ್ವಿನಾಸರು, ಪ್ರಾಣಿಗಳ ಮೇಲೆ ಕ್ರೌರ್ಯ ನಡೆಸಿದವನು ಮನುಷ್ಯರ ಮೇಲೂ ಕ್ರೌರ್ಯ ನಡೆಸಲು ಕಲಿಯುತ್ತಾನೆಂದು ಎಚ್ಚರಿಸಿದ್ದರು. ಅವರ ವಾದದಲ್ಲಿ ಪ್ರಾಣಿಯ ನೋವಿಗಿಂತ ಮನುಷ್ಯನ ಶೀಲವೇ ಮುಖ್ಯವಾಗಿತ್ತು ಎಂಬ ಆಕ್ಷೇಪವುಂಟು. ಅದು ಸರಿಯೂ ಹೌದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಒಂದು ಹೆಜ್ಜೆ ಮುಂದೆ ಹೋಗಿ, ಪ್ರಾಣಿಗಳು ದೇವರ ಸೃಷ್ಟಿಗಳಾದುದರಿಂದ ಅವುಗಳಿಗೆ ದಯೆ ತೋರುವುದು ನಮ್ಮ ಮೇಲಿನ ಋಣವೆಂದು ತಿಳಿಸುತ್ತದೆ. ಅದೇ ಗ್ರಂಥ ಮಿತಿಯನ್ನೂ ಹಾಕಿದೆ. ಬಡವರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯಬಾರದು; ಮನುಷ್ಯರಿಗೆ ಮಾತ್ರ ಸಲ್ಲುವ ಪ್ರೀತಿಯನ್ನು ಅವುಗಳ ಕಡೆಗೆ ತಿರುಗಿಸಬಾರದು ಎನ್ನುತ್ತದೆ. ದುಬಾರಿ ತಳಿಯ ಮರಿಯನ್ನು ಹಣ ಕೊಟ್ಟು ಕೊಳ್ಳುವುದಕ್ಕಿಂತ ಆಶ್ರಯವಿಲ್ಲದ ನಾಡಮರಿಗೆ ಮನೆ ಕೊಡುವುದು ಮೇಲೆಂದು ನಾವು ಹೇಳುವುದು ಇದರಿಂದಲೇ.

ಹಾಗೆಂದು ರಸ್ತೆ ಬದಿಯಲ್ಲಿ ಕಂಡ ಮರಿಯನ್ನು ತಕ್ಷಣ ಎತ್ತಿಕೊಂಡು ಬರಬಾರದು. ತಾಯಿ ಆಹಾರ ಹುಡುಕಲು ಹೋಗಿರಬಹುದು, ಅಥವಾ ಮರಿಗಳನ್ನು ಒಂದೊಂದಾಗಿ ಸಾಗಿಸುತ್ತಿರಬಹುದು. ಮರಿಗೆ ಅಪಾಯವಿಲ್ಲದಿದ್ದರೆ ಕೆಲವು ಗಂಟೆ ದೂರದಿಂದ ಕಾದು ನೋಡಬೇಕು. ಕನಿಷ್ಠ ಎಂಟು ವಾರವಾದರೂ ಮರಿ ತಾಯಿಯ ಬಳಿ ಇರಬೇಕು. ಎಷ್ಟು ಬಲವಾಗಿ ಕಚ್ಚಬಾರದು, ಉಗುರನ್ನು ಯಾವಾಗ ಒಳಗೆಳೆದುಕೊಳ್ಳಬೇಕು ಎಂಬುದನ್ನು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆಗಿನ ಆಟದಲ್ಲಿಯೇ ಅದು ಕಲಿಯುತ್ತದೆ. ಆ ಪಾಠ ತಪ್ಪಿದ ಮರಿ ನಮ್ಮ ಮಕ್ಕಳನ್ನು ಪರಚಿದರೆ ತಪ್ಪು ಮರಿಯದಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಕೃಷ್ಣದೇವರಾಯನು ಬೆಕ್ಕು ಸಾಕಲೆಂದು ಹಸುಗಳನ್ನು ಕೊಟ್ಟನಂತೆ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟನಂತೆ. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲನ್ನು ಕಂಡರೇ ಓಡಿಹೋಗುತ್ತಿತ್ತಂತೆ. ಕೇಳಿ ನಗುತ್ತೇವೆ. ಆದರೆ ಬೆಕ್ಕಿನ ಸ್ವಭಾವದ ಬಗ್ಗೆ ಕಥೆ ನಿಜವನ್ನೇ ಹೇಳುತ್ತದೆ: ಮೊದಲ ದಿನಗಳ ಭಯ ಅದರ ಮನಸ್ಸಿನಲ್ಲಿ ಬೇರೂರುತ್ತದೆ. ಮರಿ ಬಂದ ದಿನ ನೆರೆಮನೆಯ ಮಕ್ಕಳನ್ನೆಲ್ಲ ಕರೆದು ಕೈಯಿಂದ ಕೈಗೆ ದಾಟಿಸುವುದು ಕುದಿಯುವ ಹಾಲನ್ನು ಮುಂದಿಟ್ಟಂತೆಯೇ ಸರಿ. ‘ಕೂಸು ಹುಟ್ಟುವ ಮುನ್ನ ಕುಲಾವಿ’ ಎಂದು ನಾವು ಹಾಸ್ಯ ಮಾಡುತ್ತೇವೆ; ಇಲ್ಲಿ ಮಾತ್ರ ಕುಲಾವಿಯೇ ಮೊದಲು ಸಿದ್ಧವಾಗಬೇಕು. ಒಂದು ನಿಶ್ಶಬ್ದ ಕೋಣೆ, ಅವಿತುಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ, ನೀರು, ಊಟದ ತಟ್ಟೆಯಿಂದ ದೂರದಲ್ಲಿ ಮರಳು ತುಂಬಿದ ಟ್ರೇ, ಕಿಟಕಿಗೂ ಬಾಲ್ಕನಿಗೂ ಭದ್ರವಾದ ಜಾಲರಿ. ಮರಿ ತಾನಾಗಿ ಹೊರಗೆ ಬರುವವರೆಗೆ ಕಾಯಬೇಕು. ಕಾಯುವುದನ್ನು ಕಲಿಯುವುದು ಮಗುವಿಗೂ ಒಳ್ಳೆಯದೇ.

ಮಕ್ಕಳಿಗೆ ಕೆಲವು ನಿಯಮಗಳನ್ನು ಮೊದಲೇ ಹೇಳಿಕೊಡಬೇಕು. ಮರಿಯನ್ನು ನೆಲದ ಮೇಲೆ ಕುಳಿತೇ ಮುಟ್ಟಬೇಕು, ಎತ್ತಿಕೊಂಡು ಓಡಬಾರದು. ಎತ್ತುವುದಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ ಇರಬೇಕು. ಅದು ತಿನ್ನುವಾಗ, ಮಲಗಿರುವಾಗ, ಮರಳಿನ ಟ್ರೇಯಲ್ಲಿ ಕುಳಿತಿರುವಾಗ ತಡವಬಾರದು. ಕಿವಿಗಳನ್ನು ಹಿಂದಕ್ಕೆ ಚಪ್ಪಟೆ ಮಾಡಿದರೆ ಅಥವಾ ಬಾಲವನ್ನು ಬಡಿಯತೊಡಗಿದರೆ ‘ಸಾಕು’ ಎಂದು ಅರ್ಥ. ಮಾತು ಬಾರದ ಜೀವದ ‘ಬೇಡ’ವನ್ನು ಗೌರವಿಸಲು ಕಲಿತ ಮಗು, ಮಾತು ಬಲ್ಲವರ ‘ಬೇಡ’ವನ್ನೂ ಗೌರವಿಸೀತು. ಐದು ವರ್ಷದೊಳಗಿನ ಮಗುವನ್ನು ಮರಿಯೊಂದಿಗೆ ಒಂಟಿಯಾಗಿ ಬಿಡಬಾರದು; ತೊಟ್ಟಿಲ ಕೂಸಿನ ಬಳಿ ಬೆಕ್ಕು ಮಲಗಲು ಅವಕಾಶವೀಯಬಾರದು. ನೀರು ತುಂಬಿಡುವ ಕೆಲಸವನ್ನು ಮಗುವಿಗೆ ವಹಿಸಿಕೊಡಬಹುದು; ಆದರೆ ಅದು ಮರೆತ ದಿನ ಮರಿ ಬಾಯಾರಿ ಉಳಿಯದಂತೆ ನೋಡಿಕೊಳ್ಳುವುದು ದೊಡ್ಡವರ ಕೆಲಸ.

ಆಹಾರದ ಬಗ್ಗೆಯೂ ಒಂದೆರಡು ಮಾತು. ಬೆಕ್ಕೆಂದರೆ ಹಾಲು ಎಂದು ನಾವೆಲ್ಲ ನಂಬಿದ್ದೇವೆ. ಆದರೆ ತಾಯಿಯ ಹಾಲು ಬಿಟ್ಟ ಅನೇಕ ಬೆಕ್ಕುಗಳಿಗೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಎಳೆಯ ಮರಿಗೆ ಭೇದಿ ಪ್ರಾಣಾಂತಿಕವೂ ಆಗಬಹುದು. ಬೆಕ್ಕು ಹುಟ್ಟು ಮಾಂಸಾಹಾರಿ. ಮೊಸರನ್ನದ ಮೇಲೆಯೇ ಅದನ್ನು ಸಾಕಿದರೆ ಕಣ್ಣಿಗೂ ಹೃದಯಕ್ಕೂ ಕುಂದುಂಟಾಗುತ್ತದೆ. ಮಾಂಸ, ಮೀನು ಮನೆಯೊಳಗೆ ಬರಬಾರದೆನ್ನುವ ಕುಟುಂಬಗಳು ಇದನ್ನು ಮೊದಲೇ ಯೋಚಿಸಲಿ. ಈರುಳ್ಳಿ, ಬೆಳ್ಳುಳ್ಳಿ ಅದಕ್ಕೆ ವಿಷ. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಬಲ್ಲದು.

ಇನ್ನು ರೋಗಗಳ ಮಾತು. 1885ರ ಜುಲೈ 6ರಂದು ಪಾಶ್ಚರರು ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರನಿಗೆ ಲಸಿಕೆಯನ್ನು ಕೊಡಲಾರಂಭಿಸಿದರು, ಬಾಲಕ ಬದುಕಿದನು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಇಂದಿಗೂ ಈ ರೋಗಕ್ಕೆ ಮದ್ದಿಲ್ಲ. ಮೊದಲೇ ಲಸಿಕೆ ಪಡೆಯುವುದೊಂದೇ ದಾರಿ. ಬೆಕ್ಕಿನಿಂದಲೂ ಇದು ಬರಬಹುದು. ಮರಿ ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚದೆ ಅದೇ ದಿನ ವೈದ್ಯರನ್ನು ಕಾಣಬೇಕು. ಬೈಗುಳಕ್ಕೆ ಹೆದರಿ ಮಕ್ಕಳು ಗಾಯವನ್ನು ಮುಚ್ಚಿಡುತ್ತಾರೆ. ಆದುದರಿಂದ ಹೇಳಿದರೆ ಬೈಯುವುದಿಲ್ಲವೆಂದು ಮೊದಲೇ ಮಾತು ಕೊಡಿರಿ. ಮರಿಗೆ ಆರರಿಂದ ಎಂಟು ವಾರದಲ್ಲಿ ಲಸಿಕೆಗಳು ಆರಂಭವಾಗಬೇಕು. ಸುಮಾರು ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಜೊತೆಗೆ ಜಂತುಹುಳುವಿನ ಔಷಧ. ನಾಲ್ಕೈದು ತಿಂಗಳಿಗೇ ಹೆಣ್ಣುಮರಿ ಗರ್ಭ ಧರಿಸಬಲ್ಲದಾದುದರಿಂದ ಸಂತಾನಹರಣ ಚಿಕಿತ್ಸೆಯನ್ನೂ ಮುಂದೂಡಬಾರದು. ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳದ ಕಡೆಗೆ ಸಾಗಿದರೆ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸಿಗುತ್ತದೆ. ಮರಳಿನ ಟ್ರೇಯನ್ನು ದಿನವೂ ಶುಚಿಗೊಳಿಸಬೇಕು. ಟಾಕ್ಸೊಪ್ಲಾಸ್ಮಾ ಎಂಬ ರೋಗಾಣುವಿನ ಭಯವಿರುವುದರಿಂದ ಆ ಕೆಲಸವನ್ನು ಗರ್ಭಿಣಿಯರು ಮಾಡಬಾರದು. ಇಷ್ಟಕ್ಕೇ ಹೆದರಿ, ಬಸುರಿಯಿರುವ ಮನೆಯಿಂದ ಬೆಕ್ಕನ್ನು ಓಡಿಸಬೇಕಾಗಿಲ್ಲ. ಗಂಡನಾದವನು ಟ್ರೇ ತೊಳೆದರೆ ಸಾಕು.

ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಅಪರಾಧಕ್ಕೆ ಅದು ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಇಂದು ಅದು ತೀರಾ ಸಣ್ಣ ಮೊತ್ತ. ಆದುದರಿಂದ ಕಾನೂನಿನ ಭಯ ಇಲ್ಲಿ ಯಾರನ್ನೂ ಕಾಯುವುದಿಲ್ಲ, ಅಂತಃಸಾಕ್ಷಿಯೇ ಕಾಯಬೇಕು. ಸಾಕಲಾರದ ಪರಿಸ್ಥಿತಿ ನಿಜವಾಗಿಯೂ ಬಂದರೆ, ಸಾಕಬಲ್ಲ ಬೇರೊಂದು ಮನೆಯನ್ನು ಹುಡುಕಿ, ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ ಅಲ್ಲಿಗೆ ಒಪ್ಪಿಸಿರಿ. ಅದಕ್ಕೆ ಕೆಲವು ವಾರಗಳ ಓಡಾಟ ಬೇಕಾದೀತು. ಆ ಓಡಾಟವನ್ನು ಮಗು ನೋಡಲಿ. ಕೈಹಿಡಿದ ಜೀವವನ್ನು ನಡುನೀರಿನಲ್ಲಿ ಬಿಡಬಾರದೆಂಬುದನ್ನು ಅದು ಕಲಿಯುತ್ತದೆ. ಇಷ್ಟಕ್ಕೆ ಸಿದ್ಧರಿರುವವರು ಸಂತೋಷದಿಂದ ಮರಿಯನ್ನು ಮನೆಗೆ ತರಲಿ. ಸಿದ್ಧರಿಲ್ಲದವರು ಮಗುವಿನ ಹಟಕ್ಕೆ ಇಂದೇ ‘ಬೇಡ’ ಎನ್ನಲಿ. ಆ ಅಳು ಒಂದು ಸಂಜೆಯಲ್ಲಿ ಮುಗಿಯುತ್ತದೆ.