ನಾಯಿಗೊಂದು ಫ್ರೆಂಚ್ ಹೆಸರು

ನಮ್ಮ ನೆರೆಮನೆಯ ಮಹನೀಯರು ಒಂದು ನಾಯಿಮರಿಯನ್ನು ತಂದಿದ್ದಾರೆ. ಪೂಡಲ್ ಜಾತಿಯದು, ಹೆಣ್ಣು, ಕೆಂಚು ಬಣ್ಣ. ತಂದ ಮರುದಿನವೇ ಹೆಸರುಗಳ ಉದ್ದನೆಯ ಪಟ್ಟಿಯೊಂದನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಫಿಫಿ, ಕೊಕೊ, ಬಿಜೂ, ಷೆರಿ, ಬೆಲ್, ಎಲ್ಲವೂ ಫ್ರೆಂಚ್. "ನೀವು ಭಾಷೆಯ ಮೇಷ್ಟ್ರಲ್ಲವೆ? ಒಂದನ್ನು ಆರಿಸಿಕೊಡಿ" ಎಂದರು. ಕನ್ನಡ ಎಂ.ಎ. ಮಾಡಿ ಇಪ್ಪತ್ತು ವರ್ಷ ಕನ್ನಡವನ್ನೇ ಪಾಠ ಹೇಳಿದವನಿಗೆ ದೊರೆತ ಮೊದಲನೆಯ ನಾಮಕರಣದ ಆಮಂತ್ರಣ ಇದು. ನಾನು ಮರಿಯ ಮೈಬಣ್ಣ ನೋಡಿ, "ಕೆಂಚಿ ಎನ್ನಬಹುದಲ್ಲ" ಎಂದೆ. ಅವರ ಮುಖ ಸಣ್ಣದಾಯಿತು. "ಅದು ಕೆಲಸದವರ ಹೆಸರಲ್ಲವೆ?" ಎಂದರು. ಕೊನೆಗೆ ಬೆಲ್ ಎಂಬ ಹೆಸರು ನಿಂತಿತು. ಸುಂದರಿ ಎಂದು ಅದರ ಅರ್ಥ.

ಅವರ ನಾಯಿ, ಅವರ ಹೆಸರು. ನಡುವೆ ಈ ಮೇಷ್ಟ್ರಿಗೇನು ಕೆಲಸ ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಪರಭಾಷೆಯ ಹೆಸರೆಂದು ನಾನು ಮುನಿದವನಲ್ಲ. ನನ್ನ ಬಾಲ್ಯದಲ್ಲಿ ನಮ್ಮ ಊರ ಮನೆಯ ನಾಯಿಗೆ ಟಾಮಿ ಎಂದೇ ಹೆಸರು. ಇಂಗ್ಲಿಷಿನ ಒಂದಕ್ಷರವೂ ಬಾರದ ನಮ್ಮಜ್ಜಿ ಸಿಟ್ಟು ಬಂದಾಗ ಅದನ್ನು 'ಟಾಮಿ' ಎನ್ನುತ್ತಿದ್ದಳು, ಮುದ್ದು ಬಂದಾಗ 'ಟಾಮಣ್ಣ' ಎನ್ನುತ್ತಿದ್ದಳು. ಆ ಹೆಸರು ಅಜ್ಜಿಯ ಬಾಯಲ್ಲಿ ಕನ್ನಡವಾಗಿ ಹೋಗಿತ್ತು. ಬೆಲ್ ಎಂಬುದಕ್ಕೂ ನನ್ನ ತಕರಾರಿಲ್ಲ. ಅದು ಫ್ರಾನ್ಸಿನಲ್ಲಿ ನಿಜವಾಗಿಯೂ ನಾಯಿಯ ಹೆಸರೇ. ಸೆಸಿಲ್ ಒಬ್ರಿ ಎಂಬಾಕೆ 1965ರಲ್ಲಿ ತೆಗೆದ 'ಬೆಲ್ ಎ ಸೆಬಾಸ್ಟಿಯನ್' ಎಂಬ ದೂರದರ್ಶನ ಮಾಲಿಕೆಯಲ್ಲಿ ಹುಡುಗನ ಸಂಗಾತಿಯಾದ ಬಿಳಿಯ ಬೆಟ್ಟದ ನಾಯಿಗೆ ಇದೇ ಹೆಸರು. ತಕರಾರು ಹುಟ್ಟಿದ್ದು ಬೇರೆ ಕಡೆ. ಅದನ್ನು ಹೇಳುವ ಮೊದಲು, ಫ್ರೆಂಚರಾದರೂ ಹೇಗೆ ಹೆಸರಿಡುತ್ತಾರೆ ಎಂಬುದನ್ನು ನೋಡೋಣ.

ಅಲ್ಲಿ ವಂಶಾವಳಿಯ ದಾಖಲೆಯುಳ್ಳ ನಾಯಿಗಳಿಗೆ ವರ್ಷಕ್ಕೊಂದು ಅಕ್ಷರ ಗೊತ್ತಾಗಿದೆ. ಆ ವರ್ಷ ಹುಟ್ಟಿದ ಮರಿಯ ಹೆಸರು ಆ ಅಕ್ಷರದಿಂದಲೇ ಮೊದಲಾಗಬೇಕು. 2024ರದು ವಿ, 2025ರದು ಎ, 2026ರದು ಬಿ. ಕೆ, ಕ್ಯೂ, ಡಬ್ಲ್ಯೂ, ಎಕ್ಸ್, ವೈ, ಝಡ್‌ಗಳಿಗೆ ಹೆಸರು ಹುಡುಕುವುದು ಕಷ್ಟವೆಂದು ಅವನ್ನು ಬಿಟ್ಟಿದ್ದಾರೆ. ಉಳಿದ 20 ಅಕ್ಷರಗಳು ಸುತ್ತು ಹಾಕುತ್ತವೆ. ಹೆಸರು ಕೇಳಿದರೆ ಸಾಕು, ನಾಯಿಯ ವಯಸ್ಸು ತಿಳಿಯುತ್ತದೆ. ನಕ್ಷತ್ರಪಾದ ನೋಡಿ ಮಗುವಿಗೆ ಅಕ್ಷರ ಹೇಳುವ ನಮ್ಮ ಜೋಯಿಸರು ಈ ಏರ್ಪಾಡನ್ನು ಮೆಚ್ಚಿಯಾರು.

ಇದು ದಾಖಲೆಯ ಮಾತಾಯಿತು. ಬಾಯಿಮಾತಿನಲ್ಲಿ ಫ್ರೆಂಚರಿಗೆ ನಾಯಿ ಎಂದರೆ ಮೆದೋರ್. ನಮಗೆ ಟಾಮಿ ಇದ್ದಂತೆ. ಆದರೆ ಮೆದೋರ್ ಫ್ರೆಂಚ್ ಹೆಸರಲ್ಲ! ಇಟಲಿಯ ಕವಿ ಅರಿಯೊಸ್ತೊ 1516ರಲ್ಲಿ ಅಚ್ಚು ಮಾಡಿಸಿದ 'ಒರ್ಲಾಂಡೊ ಫುರಿಯೋಸೊ' ಕಾವ್ಯದಲ್ಲಿ ಮೆದೋರೊ ಎಂಬ ಮೂರ್ ಸೈನಿಕನೊಬ್ಬನಿದ್ದಾನೆ. ರಾಜಕುಮಾರಿ ಆಂಜೆಲಿಕಾ ಅವನ ಗಾಯಕ್ಕೆ ಮದ್ದು ಹಾಕಿ ಅವನನ್ನೇ ವರಿಸುತ್ತಾಳೆ. ಆ ಹೆಸರು ಆಲ್ಪ್ಸ್ ಪರ್ವತ ದಾಟಿ ಬಂದಾಗ ಫ್ರೆಂಚ್ ನಾಲಗೆ ಅದರ ಕೊನೆಯ ಸ್ವರವನ್ನು ಕತ್ತರಿಸಿತು. ಮೆದೋರೊ ಮೆದೋರ್ ಆದ. ಯಾವ ಇಟಾಲಿಯನ್ ಪಂಡಿತನೂ ಬಂದು ಅವರ ಬಾಯಿ ತಿದ್ದಲಿಲ್ಲ. ಪೂಡಲ್ ಎಂಬ ಶಬ್ದವೂ ಅಷ್ಟೆ, ಜರ್ಮನರದು. ಫ್ರೆಂಚರು ಅದೇ ನಾಯಿಯನ್ನು ಕನೀಷ್ ಎನ್ನುತ್ತಾರೆ. ಬಾತುಕೋಳಿಯ ಬೇಟೆಯಲ್ಲಿ ನೀರಿಗೆ ಹಾರುತ್ತಿದ್ದ ನಾಯಿಯಾದ್ದರಿಂದ ಬಾತಿನ ಹೆಸರಿನಿಂದಲೇ ಆ ಶಬ್ದ ಹುಟ್ಟಿತು.

ಅಷ್ಟೇಕೆ? ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರೋನ್ 2017ರಲ್ಲಿ ಅನಾಥ ಪ್ರಾಣಿಗಳ ಆಶ್ರಯದಿಂದ ತಂದ ನಾಯಿಗೆ ನೆಮೋ ಎಂದು ಹೆಸರಿಟ್ಟರು. ಅದು ಝೂಲ್ ವೆರ್ನನ ಕಾದಂಬರಿಯ ಕಪ್ತಾನನ ಹೆಸರು. ಲ್ಯಾಟಿನ್ನಿನಲ್ಲಿ 'ಯಾರೂ ಅಲ್ಲ' ಎಂದು ಅರ್ಥ. 1875ರ 'ರಹಸ್ಯ ದ್ವೀಪ'ದಲ್ಲಿ ವೆರ್ನ್ ಆ ಕಪ್ತಾನನ ಗುಟ್ಟು ಬಿಚ್ಚುತ್ತಾನೆ: ಅವನು ಬುಂದೇಲಖಂಡದ ರಾಜಕುಮಾರ, ನಮ್ಮ ಟೀಪುವಿನ ಬಂಧು! ಪ್ಯಾರಿಸ್ಸಿನ ಅರಮನೆಯ ನಾಯಿ ಶ್ರೀರಂಗಪಟ್ಟಣದ ನೆಂಟನ ಹೆಸರು ಹೊತ್ತಿರುವಾಗ, ನಮ್ಮ ಬೀದಿಯ ನಾಯಿ ಪ್ಯಾರಿಸ್ಸಿನ ಹೆಸರಿಗೆ ಬಾಯಿ ಬಿಡುತ್ತಿದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಆ ಮರಿಗೆ ಹಾಲು ಹಾಕುವವಳು, ಬೆಳಗ್ಗೆ ಸಂಜೆ ಬೀದಿಯಲ್ಲಿ ತಿರುಗಿಸುವವಳು, ಹೊಲಸು ಬಳಿಯುವವಳು ಮನೆಗೆಲಸದ ಒಬ್ಬ ಹೆಂಗಸು. ಆಕೆ ಮೊದಲ ದಿನವೇ ಅದನ್ನು 'ಬೆಲ್ಲ' ಎಂದು ಕರೆದಳು. ಮರಿ ಬಾಲ ಅಲ್ಲಾಡಿಸುತ್ತ ಓಡಿ ಬಂತು. ಬಣ್ಣಕ್ಕೂ ಒಪ್ಪುವ ಹೆಸರು. ನನಗಂತೂ ಬಹಳ ಹಿಡಿಸಿತು. ಆದರೆ ಯಜಮಾನರು ಮಹಡಿಯಿಂದ, "ಬೆಲ್ಲ ಅಲ್ಲ, ಬೆಲ್! ಎಷ್ಟು ಸಲ ಹೇಳಬೇಕು ನಿನಗೆ?" ಎಂದು ಕೂಗಿದರು. ಬೀದಿಯಲ್ಲಿ ಇನ್ನಿಬ್ಬರು ನಿಂತಿದ್ದರು. ಮರುದಿನವೂ ಇದೇ ಆಯಿತು. ಮೂರನೆಯ ದಿನದಿಂದ ಆಕೆ ಮರಿಯನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದಾಳೆ. ನಾಲಗೆಯಿಂದ 'ಚು, ಚು' ಎನ್ನುತ್ತಾಳೆ, ಅಷ್ಟೆ.

ಈ 'ಚು, ಚು' ಎಂಬುದೇ ನನ್ನನ್ನು ಈ ಲೇಖನ ಬರೆಯುವಂತೆ ಮಾಡಿದೆ. ಆಕೆ ಮಾಡಿದ ತಪ್ಪೇನು? ವ್ಯಂಜನದಲ್ಲಿ ನಿಂತ ಶಬ್ದಕ್ಕೆ ಸ್ವರ ಸೇರಿಸುವುದು ಕನ್ನಡದ ಜಾಯಮಾನ. ಬಸ್ ಬಸ್ಸಾಗಿದೆ, ಕಾರ್ ಕಾರಾಗಿದೆ. ಹೊರಗಿನ ಶಬ್ದ ನಮ್ಮ ಬಾಯಲ್ಲಿ ರೂಪ ಬದಲಿಸಿ ನಮ್ಮದಾಗುವ ಬಗೆಯನ್ನು ಹೇಳಲು ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಅಪಭ್ರಂಶ ಪ್ರಕರಣವೆಂದು ಒಂದು ಪ್ರಕರಣವನ್ನೇ ಮೀಸಲಿಟ್ಟ. ಮೆದೋರೊವನ್ನು ಮೆದೋರ್ ಮಾಡಿದ ಫ್ರೆಂಚನದು ಸಂಸ್ಕೃತಿ, ಬೆಲ್ ಅನ್ನು ಬೆಲ್ಲ ಮಾಡಿದ ನಮ್ಮವಳದು ಅಜ್ಞಾನ ಎನ್ನುವುದು ಯಾವ ಊರಿನ ನ್ಯಾಯ? ಯಜಮಾನರ ಉಚ್ಚಾರಣೆಯಾದರೂ ಪ್ಯಾರಿಸ್ಸಿನದೇನಲ್ಲ, ಬಾಗಿಲ ಗಂಟೆಯದು.

'ಕೆಲಸದವರ ಹೆಸರು' ಎಂಬ ಮಾತಿನಲ್ಲಿ ಇನ್ನೂ ಒಂದು ವಿಷವಿದೆ. ಕರಿಯ, ಕೆಂಚ, ಬೋಳ ಎಂಬ ಹೆಸರುಗಳು ಈ ನಾಡಿನಲ್ಲಿ ಮನುಷ್ಯರಿಗೂ ಇದ್ದವು, ನಾಯಿಗಳಿಗೂ ಇದ್ದವು. ಹೊಲ ಉಳುವ ಕರಿಯನನ್ನೂ ಹೊಲ ಕಾಯುವ ಕರಿಯನನ್ನೂ ಒಂದೇ ಗಂಟಲಿನಲ್ಲಿ ಕೂಗಿದವರು ನಮ್ಮ ಹಿರಿಯರು. ಅದರಲ್ಲಿ ಮನುಷ್ಯನಿಗಾದ ಅವಮಾನ ಅವರಿಗೆ ಕಾಣಲಿಲ್ಲ. ಈಗ ನಮಗೆ ಅವಮಾನ ಕಾಣಿಸಿದೆ, ಆದರೆ ಅದು ನಾಯಿಗೆ ಆದ ಅವಮಾನ! ನಾಯಿಯನ್ನು ಮೇಲಕ್ಕೆತ್ತಲು ಫ್ರೆಂಚ್ ಹುಡುಕುತ್ತೇವೆ. ಅನ್ನ ಹಾಕುವವಳನ್ನು ಅದೇ ಫ್ರೆಂಚಿನಿಂದ ತುಳಿಯುತ್ತೇವೆ. ತರಗತಿಯಲ್ಲಿ ಹಳ್ಳಿಯ ಹುಡುಗರ ಹಕಾರವನ್ನು ನಾನು ಹತ್ತು ಜನರೆದುರು ತಿದ್ದಿದ್ದುಂಟು. ತಿದ್ದಿಸಿಕೊಂಡವನು ಆಮೇಲೆ ಬಾಯಿ ಬಿಡಲಿಲ್ಲ. ಆದ್ದರಿಂದ ಈ ಆರೋಪ ನನ್ನ ಮೇಲೂ ಇದೆಯೆಂದು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ನಾಯಿಯ ಹೆಸರಿನ ಬಗ್ಗೆ ಕನ್ನಡಿಗರು ಎಂದೂ ಹೀಗಿದ್ದವರಲ್ಲ. ಕ್ರಿ.ಶ. 949-50ರ ಆತಕೂರು ಶಾಸನವನ್ನು ನೋಡಿ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಕಾದಿದ ಮಣಲೇರನು ರಾಷ್ಟ್ರಕೂಟರ ಮೂರನೆಯ ಕೃಷ್ಣನಿಂದ ಬಹುಮಾನವಾಗಿ ಬೇಡಿದ್ದು ಒಂದು ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಅದು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚಕ್ರವರ್ತಿಯ ನಾಯಿಗೆ, ಊರಿನ ಯಾರ ಬಾಯಿಗೂ ಎಟುಕುವ ಎರಡಕ್ಷರದ ಹೆಸರು ಸಾಕಾಗಿತ್ತು.

ನೆರೆಯವರು ಹೆಸರು ಬದಲಿಸಬೇಕೆಂದು ನಾನು ಹೇಳುವುದಿಲ್ಲ. ಕಾಗದದಲ್ಲಿ ಅದು ಬೆಲ್ ಎಂದೇ ಇರಲಿ. ಆದರೆ ಮಹಡಿಯಿಂದ ಕೂಗುವುದನ್ನು ನಿಲ್ಲಿಸಲಿ. ನಾಯಿಗೆ ಹೆಸರಿಡುವ ಹಕ್ಕು ಕೊಂಡವನಿಗಿರಬಹುದು. ಕರೆಯುವ ಹಕ್ಕು ಅನ್ನ ಹಾಕುವವಳದು. ಮರಿ ಯಾವ ಹೆಸರಿಗೆ ಓಡಿ ಬರುತ್ತದೆ ಎಂಬುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಅವರೂ ನೋಡಿದ್ದಾರೆ.