ರಜೆಯ ಕೊನೆಯ ದಿನದ ಸವಾರಿ
ಬೇಸಿಗೆ ರಜೆ ಮುಗಿಯುವ ಆ ಕೊನೆಯ ದಿನ ಬೆಂಗಳೂರಿನ ಮನೆಗಳಲ್ಲಿ ಒಂದು ವಿಚಿತ್ರ ಹುರುಪು ಹುಟ್ಟುತ್ತದೆ. ಎರಡು ತಿಂಗಳು ಟಿವಿ ಮುಂದೆ ಕೂತಿದ್ದ ಮಕ್ಕಳಿಗೆ ‘ಎಲ್ಲಿಗೂ ಹೋಗಲೇ ಇಲ್ಲ’ ಎಂಬುದು ನೆನಪಾಗುತ್ತದೆ, ಅಪ್ಪ ಕಾರಿನ ಕೀಲಿ ಹುಡುಕುತ್ತಾನೆ, ಅಮ್ಮ ಚಿತ್ರಾನ್ನವನ್ನು ಡಬ್ಬಿಗೆ ತುಂಬುತ್ತಾಳೆ. (ಬೈಂಡು ಹಾಕಬೇಕಾದ ನೋಟ್ ಪುಸ್ತಕಗಳು ಮೇಜಿನ ಮೇಲೇ ಉಳಿಯುತ್ತವೆ.) ಹೀಗೆ ಹೊರಟವರಲ್ಲಿ ಬಹಳ ಮಂದಿ ಹಿಡಿಯುವುದು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯನ್ನು. ಊರುಗಳನ್ನೆಲ್ಲ ಬಳಸಿ ಹೋಗುವ ಈ ರಸ್ತೆಯಲ್ಲಿ ಸಮಯ ಉಳಿಯುತ್ತದೆ, ಮದ್ದೂರು ವಡೆ ತಪ್ಪುತ್ತದೆ. ವಡೆ ಬೇಕೆಂದರೆ ಸರ್ವಿಸ್ ರಸ್ತೆಗೆ ಇಳಿಯಲೇಬೇಕು. ಮಂಗಳವಾರವಾದರೆ ಮೈಸೂರಿನ ಮೃಗಾಲಯಕ್ಕೆ ವಾರದ ರಜೆ, ಗೇಟಿನ ಮುಂದೆಯೇ ಮಕ್ಕಳ ಮುಖ ಬಾಡುತ್ತದೆ. ಮಳವಳ್ಳಿ ಕಡೆ ತಿರುಗಿ ಶಿವನಸಮುದ್ರಕ್ಕೆ ಹೋದವರಿಗೆ ಮೇ ಕೊನೆಯಲ್ಲಿ ಜಲಪಾತಕ್ಕಿಂತ ಬಂಡೆಯೇ ಹೆಚ್ಚು ಕಂಡೀತು. ಆದರೆ 1902ರಲ್ಲಿ ಇದೇ ನೀರಿನಿಂದ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿತೆಂದು ಹೇಳಿದರೆ ಮಕ್ಕಳು ಒಣ ಬಂಡೆಯನ್ನೂ ಕಣ್ಣರಳಿಸಿ ನೋಡುತ್ತಾರೆ. ಇಂಥ ದಿಢೀರ್ ಸವಾರಿಗೆ ನನ್ನ ಕೇಳಿದರೆ ರಂಗನತಿಟ್ಟೇ ವಾಸಿ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಈ ಕಾವೇರಿ ನಡುಗಡ್ಡೆಗಳಲ್ಲಿ ದೋಣಿ ಹತ್ತಿದರೆ ಕೊಕ್ಕರೆಯ ಜೊತೆಗೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯೂ ಕಾಣುತ್ತದೆ. ಒಂದೇ ಕೋರಿಕೆ: ಎಲ್ಲಿಗೇ ಹೋದರೂ ಕಾವೇರಿಯ ಮಡುವಿಗೆ ಮಕ್ಕಳನ್ನು ಇಳಿಸಬೇಡಿ, ಮತ್ತು ಕತ್ತಲಾಗುವ ಮುನ್ನವೇ ವಾಪಸು ಹೊರಡಿ.