ಕರಾರುಪತ್ರ ಇಲ್ಲದಿದ್ದರೂ ಹಕ್ಕು ಇದೆ

ಕರಾರುಪತ್ರವಿಲ್ಲದೆ ರೂಮು ಹಿಡಿದವರು ಬಿಡುವಾಗ ಅಡ್ವಾನ್ಸ್ ಕೇಳುವಂತಿಲ್ಲ, ಮಾಲೀಕರು ಕೊಟ್ಟಷ್ಟು ಪಡೆದು ಹೊರಡಬೇಕು ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಈ ಮಾತು ಕಾನೂನಿಗೂ ಒಪ್ಪದು, ನ್ಯಾಯಕ್ಕೂ ಒಪ್ಪದು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಂ ಪ್ರಕಾರ, ಒಂದು ವರ್ಷ ಮೀರದ ಬಾಡಿಗೆ ಬಾಯಿಮಾತಿನಲ್ಲೂ ಆಗಬಹುದು. ಜೊತೆಗೆ ಸ್ವಾಧೀನ ಕೊಟ್ಟಿರಬೇಕು, ಅಷ್ಟೆ. ಬೇರೆ ಒಪ್ಪಂದವಿಲ್ಲದಿದ್ದರೆ ವಾಸದ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವಂಥದ್ದು ಎನ್ನುತ್ತದೆ 106ನೇ ಕಲಂ. ಅದನ್ನು ಮುಗಿಸಲು ಮಾಲೀಕರಾಗಲಿ ಬಾಡಿಗೆದಾರರಾಗಲಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು.

ಬೆಂಗಳೂರಿನಲ್ಲಿ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದನ್ನೂ ಲೇಖಕರು ಸಹಜವೆಂದಿದ್ದಾರೆ. ಒಪ್ಪಿಕೊಂಡಿದ್ದರೆ ಸರಿ; ಒಪ್ಪದಿದ್ದರೆ ಅದು ಹಕ್ಕಲ್ಲ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕೆನ್ನುವ 108ನೇ ಕಲಂ, ದಿನಬಳಕೆಯ ಸವೆತವನ್ನು ಅದರಿಂದ ಹೊರಗಿಟ್ಟಿದೆ.

ಪತ್ರವಿದ್ದರೆ ಸಾಬೀತು ಸುಲಭ ಎಂಬುದು ನಿಜ. ಆದರೆ ಬ್ಯಾಂಕ್ ಖಾತೆಯ ವಿವರ, ಯುಪಿಐ ಪಾವತಿ, ವಾಟ್ಸಾಪ್ ಸಂದೇಶಗಳೂ ಸಾಕ್ಷ್ಯವೇ. ಬಿಡುವವರು ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಲಿ, ಖಾಲಿ ರೂಮಿನ ಮತ್ತು ಕರೆಂಟ್ ಮೀಟರಿನ ಫೋಟೊ ತೆಗೆಯಲಿ, ಬೀಗದ ಕೈ ಕೊಟ್ಟಿದ್ದಕ್ಕೆ ಸಹಿ ಪಡೆಯಲಿ.

ಪತ್ರ ಬೇಡವೆಂದವರು ಎಷ್ಟೋ ಸಲ ಮಾಲೀಕರೇ. ಅದರ ದಂಡವನ್ನು ದುಡಿಯಲು, ಓದಲು ಊರು ಬಿಟ್ಟು ಬಂದವರ ತಲೆಗೆ ಕಟ್ಟುವುದು ಅನ್ಯಾಯ. ಅಡ್ವಾನ್ಸ್ ಬಾಡಿಗೆದಾರರ ದುಡ್ಡು; ಬಾಕಿ, ಹಾನಿ ಕಳೆದು ಉಳಿದದ್ದನ್ನು ಹಿಂದಿರುಗಿಸುವುದು ಮಾಲೀಕರ ಹೊಣೆ, ಔದಾರ್ಯವಲ್ಲ.